ಬೆರಳ ಕೆಳಗಿನ ಜೀವ

“ಒಂದ್ ಹನಿ ರಗತ ಹೊರಗ ಬಿಟ್ಟಿಲ್ರೀ ಡಾಕ್ಟರ್ ಬಾಯಿ!”

ತಮ್ಮ ಕಪಿಲನನ್ನು ಆಸ್ಪತ್ರೆಯ ಮಂಚಕ್ಕೆ ಇಳಿಸುತ್ತಲೇ ದಿಲೀಪ ಹೇಳಿದ. ದನಿಯಲ್ಲಿ ಗೆದ್ದು ಬಂದವನ ಹಮ್ಮು. ಕಮಲಾಪುರದ ಬಾಳೆತೋಟದಲ್ಲಿ ಯಾರ ಗೊನೆ ಮೊದಲು ಟೆಂಪೊ ಏರಬೇಕೆಂಬ ಜಗಳಕ್ಕೆ, ಪಕ್ಕದ ತೋಟದವನ ಗೊನೆ ಕಡಿಯುವ ಚೂರಿ ಕಪಿಲನ ಎದೆಗೆ ಇಳಿದಿತ್ತು. ದಿಲೀಪ ಗಾಯಕ್ಕೆ ಹಿಡಿ ಅರಿಶಿಣ ತುರುಕಿ, ಅವ್ವ ಭೀಮಬಾಯಿಯ ಸೆರಗು ಹರಿದು ಬಿಗಿದು ಕಟ್ಟಿ, ಅವಳನ್ನೂ ಕೂರಿಸಿಕೊಂಡು ಅದೇ ಟೆಂಪೊದಲ್ಲಿ ಕಲಬುರಗಿಗೆ ತಂದಿದ್ದ.

ಡಾಕ್ಟರ್ ಪಂಚಶೀಲಾ ಕಪಿಲನ ಕೊರಳು ನೋಡಿದಳು. ನರಗಳು ಹಗ್ಗದಂತೆ ಉಬ್ಬಿದ್ದವು. ಹೊರಗೆ ಬರದ ರಕ್ತ ಒಳಗೆ ಹೃದಯದ ಸುತ್ತ ತುಂಬಿ ಅದನ್ನು ಹಿಚುಕುತ್ತಿತ್ತು. ಈ ಊರಲ್ಲಿ ಎದೆ ತೆರೆದು ಹೊಲಿಯಲು ಶುರುಮಾಡಿದವಳೇ ಅವಳು. ಅದಕ್ಕೂ ಮುಂಚೆ ಇಂಥವರು ಹೈದರಾಬಾದಿನ ದಾರಿಯಲ್ಲೇ ಹೆಣವಾಗುತ್ತಿದ್ದರು. ಇವತ್ತು ಮಹಡಿ ಮೇಲಿನ ಆಪರೇಷನ್ ಕೋಣೆಯೂ ಹೈದರಾಬಾದಿನಷ್ಟೇ ದೂರ.

“ಗುಫ್ರಾನ್, ಇಲ್ಲೇ ಎದಿ ಸೀಳ್ತೀನಿ. ಇವರನ್ನ ಹೊರಗ ಕಳಸು.”

“ಬಾಹರ್ ಚಲೋ ಭಾಯ್,” ಎಂದು ನರ್ಸ್ ಗುಫ್ರಾನ್ ತಳ್ಳುವಷ್ಟರಲ್ಲಿ ಅವಳು ಕಟ್ಟು ಕತ್ತರಿಸಿ, ಪಕ್ಕೆಲುಬುಗಳ ನಡುವೆ ಚಾಕು ಎಳೆದಾಗಿತ್ತು. ಕಪ್ಪು ರಕ್ತ ಗಡ್ಡೆಗಡ್ಡೆಯಾಗಿ ನೆಲಕ್ಕೆ ಬಿತ್ತು. ಹಿಂದೆಯೇ ಬಿಸಿ ಕೆಂಪು ಚಿಮ್ಮಿ ಗೋಡೆಗೆ ಹೊಡೆಯಿತು. ಅವಳು ಬಲಗೈ ಒಳಗಿಳಿಸಿ, ತೂತು ಹುಡುಕಿ, ತೋರುಬೆರಳು ಒತ್ತಿದಳು.

“ಕೊಂದ್ಳಲೇ! ನಾ ನಿಲ್ಸಿದ ರಗತ ಹರಿಸಿ ಕೊಂದ್ಳು!”

ದಿಲೀಪ ಕಬ್ಬಿಣದ ಸ್ಟೂಲು ಎತ್ತಿ ಬೀಸಿದ. ಅವಳು ಎಡಗೈ ಅಡ್ಡಕೊಟ್ಟಳು. ಹಸಿ ಕಟ್ಟಿಗೆ ಮುರಿದ ಸದ್ದಾಯಿತು. ಎರಡನೇ ಏಟು ಬೆನ್ನಿಗೆ. ಬೆರಳು ಕದಲಲಿಲ್ಲ. ಅಜ್ಜಿಯ ಕಥೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆ ಗಿಣಿಯೊಳಗೆ ಅಡಗಿರುತ್ತಿತ್ತು. ಈ ಹುಡುಗನದು ಅವಳ ಉಗುರಿನ ಕೆಳಗೇ ಪಟಪಟ ಬಡಿಯುತ್ತಿತ್ತು.

“ಹೊಡಿಯಪ್ಪಾ, ಹೊಡಿ,” ಹಲ್ಲು ಕಚ್ಚಿ ಹೇಳಿದಳು. “ನಾ ಬೆರಳ ತೆಗದ್ರ ನಿನ್ ತಮ್ಮ ಸತ್ತ. ಆ ಕೈ ನೀನೇ ಮುರದಿ, ಹೊಲಿಯಾಕ ಈ ಕೈ ಬೇಕು. ಬಾ, ನಿನ್ ಬೆರಳ ಇಡು.”

ಗುಫ್ರಾನನ ಎರಡೂ ಕೈ ಆಗಲೇ ಕಪಿಲನ ಬಾಯಿಗಿಟ್ಟ ಉಸಿರಿನ ಚೀಲ ಒತ್ತುತ್ತಿದ್ದವು. ಸ್ಟೂಲು ಹಿಡಿದೇ ದಿಲೀಪ ನಿಂತಿದ್ದ. ಭೀಮಬಾಯಿ ಬಂದು ಅವನ ಕಪಾಳಕ್ಕೆ ಬಿಗಿದಳು.

“ಹುಟ್ಟಿದಾಗಿಂದ ಬ್ಯಾಡಾದ್ದರಾಗೆಲ್ಲ ಕೈ ಹಾಕ್ತಿ. ಬೇಕಾದಾಗ ಹಾಕಾಕ ಏನ್ ಧಾಡಿ ನಿನಗ, ಮೂಳಾ?”

ಸ್ಪಿರಿಟ್ ಸುರಿದ ಬಲಗೈ ತೋರುಬೆರಳನ್ನು ಅವನು ಪಂಚಶೀಲಾ ಹೇಳಿದಂತೆ ಅವಳ ಬೆರಳಿನ ಪಕ್ಕದಲ್ಲೇ ಒಳಗಿಳಿಸಿದ. ಅವಳು ತನ್ನದನ್ನು ಮೆಲ್ಲಗೆ ಹೊರಕ್ಕೆ ಜಾರಿಸಿದಳು. ಹೃದಯ ಒದೆದಾಗ ಅವನು “ಯವ್ವಾ!” ಎಂದು ಚೀರಿದ.

“ಅಳು, ಅಲುಗಬ್ಯಾಡ.”

ಒಂದೇ ಕೈಯಲ್ಲಿ ಸೂಜಿ ಓಡಿಸಿದಳು. ಗಂಟು ಬಿಗಿಯಲು ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು.

ಕಪಿಲನ ನಾಡಿ ಗಟ್ಟಿಯಾದ ಮೇಲೆಯೇ ಅವಳು ತನ್ನ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಡಾಕ್ಟರ ಮೇಲೆ ಕೈ ಮಾಡಿದವನನ್ನು ಹಿಡಿಯಲು ಸಂಜೆ ಪೊಲೀಸರು ಬಂದಾಗ ಬಾಗಿಲಲ್ಲಿ ನಿಂತು ನೋಡಿದಳು. ಬೇಡಿಗೆ ಕೈ ಚಾಚೆಂದರೆ, ಬೆಂಚಿನಲ್ಲಿ ಕೂತಿದ್ದ ದಿಲೀಪ ಎಡಗೈಯೊಂದನ್ನೇ ಮುಂದೆ ಮಾಡಿದ. ಬಲಗೈಯ ತೋರುಬೆರಳನ್ನು ಯಾವುದಕ್ಕೂ ತಾಗದಂತೆ ನೆಟ್ಟಗೆ ಎತ್ತಿ ಹಿಡಿದಿದ್ದ. ಅದು ಇನ್ನೂ ಸಣ್ಣಗೆ, ನಿಂತು ನಿಂತು, ಮಿಡಿಯುತ್ತಿತ್ತು.