ವಿಲ್ಫ್‌ನ ಕೇಕು

"ಕಾಯೋದು ಬೇಡ್ವೇನೋ? ಮಧ್ಯಾಹ್ನದವರೆಗೆ ಅಂತಲ್ವಾ ಮಾತು?" ಎಂದು ಮರ್ಡಾಕ್ ಕೇಳಿದ.

"ಯಾರು ಬರ್ತಾರೆ ಅಂತ ಕಾಯ್ತೀಯಾ? ಅವರ ವಿಮಾನದ ಪೆಟ್ರೋಲು ಬೆಳಗಿನ ಜಾವಕ್ಕೇ ಮುಗಿದಿರತ್ತೆ," ಎನ್ನುತ್ತ ಡೆನ್ಸಿಲ್ ಡಬ್ಬಿಯ ಮುಚ್ಚಳ ಕಿತ್ತ.

ಡಬ್ಬಿ ವಿಲ್ಫ್‌ನದು. ಲಿಂಕನ್‌ಶೈರಿನ ಆ ವಿಮಾನ ನೆಲೆಯಲ್ಲಿ ಮೂವರಿಗೂ ಒಂದೇ ತಗಡಿನ ಶೆಡ್ಡು. ಹಿಂದಿನ ರಾತ್ರಿ ಜರ್ಮನಿಯ ಮೇಲೆ ಬಾಂಬು ಹಾಕಲು ಎಲ್ಲರೂ ಹಾರಿದ್ದರು. ಡೆನ್ಸಿಲ್ ಮತ್ತು ಮರ್ಡಾಕ್ ಇದ್ದ ವಿಮಾನ ಮರಳಿ ಬಂತು. ವಿಲ್ಫ್ ಇದ್ದದ್ದು ಬರಲಿಲ್ಲ.

ಬಾರದವನ ಬಟ್ಟೆಬರೆ, ಕಾಗದಪತ್ರ ಯಾರೂ ಮುಟ್ಟುವಂತಿರಲಿಲ್ಲ. ಅವು ಅವನ ಮನೆಗೆ ಹೋಗಬೇಕು. ತಿನ್ನುವ ಪದಾರ್ಥ ಮಾತ್ರ ಶೆಡ್ಡಿನವರ ಪಾಲು. ಅದಕ್ಕೂ ಮಧ್ಯಾಹ್ನದವರೆಗೆ ಕಾಯಬೇಕು. ಮಂಜಿನಲ್ಲಿ ದಾರಿ ತಪ್ಪಿ ಬೇರೆ ನೆಲೆಯಲ್ಲಿಳಿದು, ಊಟದ ಹೊತ್ತಿಗೆ ನಗುತ್ತಾ ಬಂದವರು ಬೇಕಾದಷ್ಟಿದ್ದರು. "ನಾನು ವಾಪಸ್ ಬರ್ಲಿಲ್ಲ ಅಂದ್ರೆ ಅಮ್ಮನ ಕೇಕ್ ಇಲಿಗೆ ಬಿಡ್ಬೇಡ್ರೋ," ಎಂದು ವಿಲ್ಫನೇ ಹೇಳಿಟ್ಟಿದ್ದ. ಬರುವ ವಾರ ಅವನ ಹುಟ್ಟುಹಬ್ಬ. ಸಕ್ಕರೆಗೆ ರೇಷನ್ನಿದ್ದ ಕಾಲ ಅದು. ಅವನ ತಾಯಿ ಎಷ್ಟೋ ತಿಂಗಳು ಸಪ್ಪೆ ಚಹಾ ಕುಡಿದು ಆ ಕೇಕಿಗೆ ಸಕ್ಕರೆ ಕೂಡಿಸಿದ್ದಳು.

ಡೆನ್ಸಿಲ್‌ಗೆ ಇದೆಲ್ಲ ಗೊತ್ತಿತ್ತು. ಡಬ್ಬಿ ತೆರೆದದ್ದು ಹೊಟ್ಟೆ ಹಸಿದಿತ್ತೆಂದೂ ಅಲ್ಲ. ಜೀವ ಉಳಿಸಿಕೊಂಡು ಬಂದ ಮೈ ಏನಾದರೂ ಕೊಡು ಎಂದು ಪೀಡಿಸುತ್ತಿತ್ತು. ತಡಮಾಡಿದರೆ ಸಾಮಾನು ಒಯ್ಯಲು ಬಂದವರು ಕೇಕನ್ನೂ ಹೊಡೆದುಕೊಂಡು ಹೋಗುತ್ತಾರೆ ಎಂದು ತನಗೆ ತಾನೇ ಸಬೂಬು ಹೇಳಿಕೊಂಡು ಗಬಗಬನೆ ನುಂಗಿದ. ಮರ್ಡಾಕ್ ಮೊದಲು ಮುಖ ತಿರುಗಿಸಿದ, ಆಮೇಲೆ ಕೈ ಚಾಚಿದ. ಸ್ವಲ್ಪ ಹೊತ್ತಿಗೆ ಡಬ್ಬಿ ಖಾಲಿಯಾಯಿತು.

ಅವರಿನ್ನೂ ಬಾಯಿ ಒರಸಿಕೊಳ್ಳುತ್ತಿದ್ದಾಗಲೇ ಬಾಗಿಲು ತೆರೆಯಿತು. ವಿಲ್ಫ್!

"ಏನ್ರೋ, ದೆವ್ವ ಕಂಡವರ ಥರ ನೋಡ್ತಿದೀರಾ? ಹಾಳು ಮಂಜು ಕಣ್ರೋ. ಸಮುದ್ರದ ಹತ್ರ ಎಲ್ಲೋ ಇಳಿದ್ವಿ. ಅಲ್ಲಿ ಫೋನೂ ಕೆಟ್ಟಿತ್ತು. ಲಾರೀಲಿ ಕುಲುಕಾಡ್ಕೊಂಡು ಬಂದೆ."

ಮರ್ಡಾಕ್ ಓಡಿ ಹೋಗಿ ತಬ್ಬಿಕೊಂಡ. ಡೆನ್ಸಿಲ್ ಕೂತಲ್ಲಿಂದ ಏಳಲಿಲ್ಲ. ಗೆಳೆಯ ಸಾವಿನ ಬಾಯಿಂದ ತಪ್ಪಿಸಿಕೊಂಡು ಬಂದು ಎದುರಿಗೆ ನಿಂತಿದ್ದಾನೆ, ತನಗೆ ಮೊದಲು ನೆನಪಾದದ್ದು ಆ ಡಬ್ಬಿ! ಇನ್ನೊಂದು ಗಂಟೆ ತಡವಾಗಿ, ಮಧ್ಯಾಹ್ನ ಕಳೆದ ಮೇಲೆ ಬಂದಿದ್ದರೆ ಚೆನ್ನಾಗಿತ್ತು ಎಂದು ಕೂಡ ಒಂದು ಕ್ಷಣ ಅನ್ನಿಸಿಬಿಟ್ಟಿತು. ಥೂ, ತನ್ನದೂ ಒಂದು ಜನ್ಮವೇ ಎಂದು ಹೇಸಿಗೆಯಾಯಿತು.

"ಹುಟ್ಟುಹಬ್ಬ ಇರ್ಲಿ ಬಿಡು, ಕೇಕ್ ಇವತ್ತೇ ತಿನ್ನೋಣ. ಡೆನ್ಸಿಲ್, ದೊಡ್ಡ ಹೋಳು ನಿಂಗೆ," ಎಂದು ವಿಲ್ಫ್ ಡಬ್ಬಿ ಎತ್ತಿದ. ಹಗುರವಾಗಿತ್ತು. ಒಳಗೆ ನೋಡಿದ. ಆಮೇಲೆ ಕೈಗಡಿಯಾರ ನೋಡಿಕೊಂಡ.

"ಕಾಯ್ಲಿಲ್ವೇನೋ?"

"ನಾನೇ ತೆಗೆದೆ. ಮರ್ಡಾಕ್ ಬೇಡ ಅಂದ." ಡೆನ್ಸಿಲ್ ಎದ್ದು ಅವನ ಮುಂದೆ ನಿಂತ. "ಬೈಯೋ ಮಾರಾಯ. ಬೇಕಾದ್ರೆ ಎರಡೇಟು ಹಾಕು."

ಬೈದಿದ್ದರೆ ಒಳ್ಳೆಯದಿತ್ತು. ವಿಲ್ಫ್ ಕೋಟು ಬಿಚ್ಚಿ, ಕಾಗದ ಪೆನ್ನು ತೆಗೆದುಕೊಂಡು ಮಂಚದ ಮೇಲೆ ಕೂತ.

"ಕೇಕ್ ಹೇಗಿತ್ತು ಅಂತ ಅಮ್ಮ ಕೇಳೇ ಕೇಳ್ತಾಳೆ. ತಿಂದವನು ನೀನು. ಹೇಳು, ಏನಂತ ಬರೀಲಿ?"

ಡೆನ್ಸಿಲ್ ಎಷ್ಟು ತಡಕಾಡಿದರೂ ರುಚಿ ನೆನಪಿಗೆ ಬರಲಿಲ್ಲ. ಸಿಕ್ಕಿಬೀಳುವ ಭಯದಲ್ಲಿ ಸರಿಯಾಗಿ ಅಗಿದೂ ಇರಲಿಲ್ಲ. ಹಾಗೆಂದು ಹೇಳಲು ಬಾಯಿ ಬರಲಿಲ್ಲ.

"ಚೆನ್ನಾಗಿತ್ತು ಕಣೋ. ಮೆತ್ತಗಿತ್ತು. ಶುಂಠಿ ಘಮ್ ಅಂತಿತ್ತು."

ಪೆನ್ನು ನಿಂತಿತು.

"ಅಮ್ಮ ಶುಂಠಿ ಹಾಕೋದೇ ಇಲ್ಲ," ಎಂದ ವಿಲ್ಫ್. ದನಿಯಲ್ಲಿ ಸಿಟ್ಟಿರಲಿಲ್ಲ. ಮೆತ್ತಗಿತ್ತು ಎಂದಷ್ಟೇ ಬರೆದು, ಮುಂದೇನು ಎನ್ನುವಂತೆ ತಲೆ ಎತ್ತಿದ.

ಡೆನ್ಸಿಲ್ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಮೂಲೆಗೆ ಅಂಟಿದ್ದ ಚೂರು ಪುಡಿಯನ್ನು ಬೆರಳಿನಿಂದ ಒತ್ತಿ ತೆಗೆದು, ವಿಲ್ಫ್ ನೋಡುತ್ತಿದ್ದಂತೆಯೇ, ನಾಲಿಗೆಯ ಮೇಲೆ ಇಟ್ಟುಕೊಂಡ.