ಎರಡೂ ಎಡದ ತೋಳು

ನನ್ನ ಹೆಂಡತಿ ಶಾಲಾ ವ್ಯಾನ್ ಓಡಿಸುತ್ತಾಳೆ, ನಾನು ಬಟ್ಟೆ ಹೊಲಿಯುತ್ತೇನೆ. ಬೆಳಿಗ್ಗೆ ಅವಳು ಮಕ್ಕಳನ್ನು ಹತ್ತಿಸಿಕೊಂಡು ಹೊರಟಳೆಂದರೆ ನಮ್ಮ ಹರಟೆ ಶುರು. ಅವಳ ಕಿವಿಯಲ್ಲಿ ಬ್ಲೂಟೂತ್, ನನ್ನ ಅಂಗಡಿಯ ಮೇಜಿನ ಮೇಲೆ ಸ್ಪೀಕರ್. ಮನೆಯಲ್ಲಿ ಇಬ್ಬರಿಗೂ ಪುರುಸೊತ್ತಿಲ್ಲ. ನಮ್ಮ ಸಂಸಾರ ನಡೆಯುತ್ತಿದ್ದದ್ದೇ ಆ ಫೋನಿನಲ್ಲಿ ಎಂದರೂ ತಪ್ಪಿಲ್ಲ.

ಮೊನ್ನೆ ಮಾತಿನ ನಡುವೆ ಬ್ರೇಕ್ ಕಿರುಚಿದ್ದು, ಮಕ್ಕಳು ಚೀರಿದ್ದು ಕೇಳಿಸಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಸಂಜೆ ಅವಳು ಮನೆಗೆ ಬಂದ ಕೂಡಲೇ ಹೇಳಿದೆ.

"ಇನ್ಮೇಲೆ ಓಡಿಸ್ವಾಗ ಫೋನ್ ಬೇಡ ಕಣೆ."

"ಎರಡು ಕೈನೂ ಸ್ಟೀರಿಂಗ್ ಮೇಲೇ ಇತ್ತು, ಕಣ್ಣು ರಸ್ತೆ ಮೇಲೇ ಇತ್ತು. ಸ್ಕೂಟರ್‌ನವನು ಅಡ್ಡ ಬಂದ್ರೆ ನಾನೇನ್ ಮಾಡ್ಲಿ? ಕಿವಿ ಒಂದನ್ನ ತಾನೆ ನಿಮಗೆ ಕೊಟ್ಟಿರೋದು?"

ವಾದದಲ್ಲಿ ಅವಳನ್ನು ಗೆಲ್ಲುವುದು ನನ್ನ ಹಣೆಯಲ್ಲಿ ಬರೆದಿಲ್ಲ. ನಿಜ ಹೇಳಬೇಕೆಂದರೆ, ಆ ಹರಟೆಯಿಲ್ಲದೆ ದಿನ ದೂಡುವುದು ನನಗೂ ಬೇಡವಾಗಿತ್ತು. ಮಾರನೆಯ ದಿನ ಫೋನ್ ಬಂದಾಗ ತೆಗೆದುಬಿಟ್ಟೆ.

ಆ ದಿನದ ವಿಷಯ ಅವಳ ತಂಗಿ. ತಂಗಿ ಮನೆ ಬದಲಿಸುತ್ತಾಳಂತೆ, ನಮ್ಮ ಬೀರು ಬೇಕಂತೆ. ಕೊಡಬೇಕೋ ಬೇಡವೋ ಎಂದು ಜೋರು ಚರ್ಚೆ. ನಾನು ಒಂದು ಕೋಟಿನ ಬಟ್ಟೆ ಕತ್ತರಿಸುತ್ತಿದ್ದೆ. ತೋಳಿನ ಆಕಾರಕ್ಕೆ ಕತ್ತರಿಸಿದ ಕಾಗದವನ್ನು ಬಟ್ಟೆಯ ಮೇಲಿಟ್ಟು ಒಂದು ತೋಳು ಕತ್ತರಿಸಿದ ಮೇಲೆ, ಇನ್ನೊಂದಕ್ಕೆ ಆ ಕಾಗದವನ್ನು ಮಗುಚಿ ಇಡಬೇಕು. ಹೊಲಿಗೆ ಕಲಿಯುವವರಿಗೆ ಮೊದಲೇ ಹೇಳಿಕೊಡುವ ಪಾಠ ಇದು. ಫೋನಿಟ್ಟು ನೋಡಿದರೆ ಎರಡೂ ಎಡದ ತೋಳು! ಅಂಚು ಮಾತ್ರ ಕೂದಲೆಳೆಯಷ್ಟೂ ಸೊಟ್ಟಗಿರಲಿಲ್ಲ.

ಸಂಜೆ ಎರಡನ್ನೂ ಅವಳ ಮುಂದೆ ಹರಡಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕಣ್ಣು ಎಲ್ಲಿಟ್ಟಿದ್ರಿ?"

"ಬಟ್ಟೆ ಮೇಲೇ ಇತ್ತು. ಕೈನೂ ಕೆಲಸದಲ್ಲೇ ಇತ್ತು. ತಲೇಲಿ ಮಾತ್ರ ನಿನ್ನ ತಂಗಿ ಬೀರು ಇತ್ತು."

ಅವಳ ನಗು ನಿಂತಿತು. ಒಂದು ತೋಳನ್ನು ಇನ್ನೊಂದರ ಮೇಲಿಟ್ಟು ನೋಡಿದಳು.

"ಬೀರು ವಿಷಯ ಮಾತಾಡ್ವಾಗಲೇ ನಾನು ದೊಡ್ಡ ಸರ್ಕಲ್ ದಾಟಿದ್ದು. ಸಿಗ್ನಲ್ ಕೆಂಪಿತ್ತೋ ಹಸಿರಿತ್ತೋ... ಎಷ್ಟು ಯೋಚಿಸಿದ್ರೂ ನೆನಪಿಗೆ ಬರ್ತಿಲ್ಲ ರೀ. ಹಿಂದೆ ಅಷ್ಟು ಮಕ್ಕಳಿದ್ರು."

ಬಟ್ಟೆಯಾದರೆ ಇನ್ನೊಂದು ತುಂಡು ತರಬಹುದು.

ಮಾರನೆಯ ಬೆಳಿಗ್ಗೆ ಅವಳು ಫೋನ್ ಆಫ್ ಮಾಡಿ ಬ್ಯಾಗಿಗೆ ಹಾಕಿಕೊಂಡು ಹೊರಟಳು. ಅಂಗಡಿಯಲ್ಲಿ ನನಗೆ ಕೆಲಸವೇ ಸಾಗಲಿಲ್ಲ. ಇನ್ನು ಮೇಲೆ ನಮಗೆ ಮಾತೇ ಇಲ್ಲವೇನೋ ಎಂದು ಬೇಜಾರಾಗಿ ಕುಳಿತಿದ್ದಾಗ, ಮಕ್ಕಳನ್ನು ಶಾಲೆಗೆ ಬಿಟ್ಟ ಖಾಲಿ ವ್ಯಾನ್ ಬಂದು ಅಂಗಡಿಯ ಮುಂದೆ ನಿಂತಿತು. ಅವಳು ಒಳಗೆ ಬಂದು ಸ್ಟೂಲ್ ಎಳೆದುಕೊಂಡಳು.

"ಬೀರು ಕೊಟ್ಟುಬಿಡೋದೇ ಸರಿ. ಯಾಕೆ ಅಂತ ಹೇಳ್ತೀನಿ ಕೇಳಿ."

ಬೀರು ಎಷ್ಟು ಅಗಲ, ತಂಗಿಯ ಹೊಸ ಮನೆಯ ಬಾಗಿಲು ಎಷ್ಟು ಅಗಲ ಎಂದು ಅವಳು ಕೈಯಲ್ಲೇ ಅಳೆದು ತೋರಿಸಿದಳು. ಮಾತಾಡುವಾಗ ಅವಳ ಎರಡೂ ಕೈಗಳು ಹೀಗೆ ಗಾಳಿಯಲ್ಲಿ ಓಡಾಡುತ್ತವೆಂಬುದು ನನಗೆ ಮರೆತೇ ಹೋಗಿತ್ತು.