ಕಾಲು ಪುಟ್ಟಿ ಎಳೆದ ಗೋಡೆಯಲ್ಲ

ಬೆಳಿಗ್ಗೆ ಹತ್ತೂ ಕಾಲು. ಪ್ಲಾಸ್ಟರ್ ಬಿಚ್ಚಿ ಹತ್ತೊಂಬತ್ತು ದಿನವಾಗಿದ್ದರೂ ಪೇಂಟರ್ ಬಲಗಾಲನ್ನು ನೆಲಕ್ಕೆ ಊರಿರಲಿಲ್ಲ.

ಏಣಿಯಿಂದ ಬಿದ್ದು ಮುರಿದಿದ್ದ ಮೂಳೆ ಕೂಡಿಕೊಂಡಿದೆ, ಇನ್ನು ನಿಧಾನವಾಗಿ ಭಾರ ಹಾಕಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವನ ಅಕ್ಕ ಬಿಟ್ಟಿರಲಿಲ್ಲ. ಅವಳೂ ಅದೇ ಕಸುಬಿನವಳು, ಇಪ್ಪತ್ತು ವರ್ಷದಿಂದ, ಬಣ್ಣಕ್ಕೆ ಮೊದಲು ಗೋಡೆ ನುಣುಪಾಗಲೆಂದು ಪುಟ್ಟಿ ಎಳೆಯುತ್ತ ಬಂದವಳು.

ಮನೆಗೆ ಬಂದ ಫಿಸಿಯೋಥೆರಪಿಸ್ಟ್ ಟೇಪು ಸುತ್ತಿ ನೋಡಿದರು. ಬಲಗಾಲಿನ ಮೀನಖಂಡ ಎಡಗಾಲಿನದಕ್ಕಿಂತ ಮೂರು ಸೆಂಟಿಮೀಟರ್ ಸಣ್ಣಗಾಗಿತ್ತು.

"ಯಾಕಮ್ಮಾ, ಇವರನ್ನ ಒಂದು ದಿನಾನೂ ನಿಲ್ಲಿಸಿಲ್ವಾ?"

"ಹಸಿ ಪುಟ್ಟಿ ಮೇಲೆ ಯಾರಾದ್ರೂ ಕೈ ಇಡ್ತಾರಾ ಮೇಡಂ? ಪೂರ್ತಿ ಒಣಗ್ಲಿ ಅಂತ ಬಿಟ್ಟಿದೀನಿ."

"ಗೋಡೆಗೆ ನರ ಇದೆಯಾ?"

"ಗೋಡೆಗೆಂಥ ನರ! ಇವನಿಗೇ ಇದೆಯೋ ಇಲ್ವೋ."

"ಮೂಳೆಗೆ ಇದೆ ನೋಡಿ. ಅದರೊಳಗೆ ಹಳೇದನ್ನ ಕರಗಿಸೋ ಜೀವಕೋಶ ಬೇರೆ, ಹೊಸದು ಕಟ್ಟೋ ಜೀವಕೋಶ ಬೇರೆ. ಭಾರ ಬೀಳೋದು ನಿಂತ್ರೆ ಕಟ್ಟೋ ಕೆಲಸ ಕುಂಟುತ್ತೆ, ಕರಗಿಸೋದು ಜೋರಾಗುತ್ತೆ. ಅದರಲ್ಲಿ ನರಗಳ ಕೈವಾಡಾನೂ ಇದೆ. ಗಾಬರಿ ಆದಾಗ ಎದೆ ಬಡಿತ ಏರಿಸ್ತವಲ್ಲ, ಅದೇ ಗುಂಪಿನ ನರಗಳು."

"ಒಳಗೆ ಹೊಕ್ಕು ನೋಡಿದೋರು ಯಾರು?"

"ಇಲಿಗಳಲ್ಲಿ ನೋಡಿದಾರೆ. ಮನುಷ್ಯರಲ್ಲಿ ನರಗಳ ಪಾಲು ಎಷ್ಟು ಅಂತ ಇನ್ನೂ ಹುಡುಕ್ತಾ ಇದಾರೆ. ಆದ್ರೆ ಭಾರ ಇಲ್ಲದ ಕಾಲಿನ ಮೂಳೆ ಸವೆಯುತ್ತೆ, ಅದರಲ್ಲಿ ಅನುಮಾನ ಇಲ್ಲ."

ಪೇಂಟರ್ ಎದ್ದು ಕೂತ. "ನಾನು ಮತ್ತೆ ಏಣಿ ಹತ್ತಲೇಬೇಕು ಮೇಡಂ. ನೆಲದ ಮೇಲೆ ನಿಂತು ಅರ್ಧ ಗೋಡೆ ಬಳಿಯೋನನ್ನ ಯಾರು ಕರೀತಾರೆ?"

ಅಕ್ಕ ಎದ್ದು, ಮೂಲೆಯಲ್ಲಿದ್ದ ಊರುಗೋಲುಗಳನ್ನು ತಾನೇ ತಂದುಕೊಟ್ಟಳು.

ಫಿಸಿಯೋಥೆರಪಿಸ್ಟ್ ತೂಕದ ಯಂತ್ರವನ್ನು ನೆಲಕ್ಕಿಟ್ಟು, ಬಲಗಾಲನ್ನು ಅದರ ಮೇಲೆ ಊರಲು ಹೇಳಿದರು. ಮುಳ್ಳು ಎಂಟು ಕಿಲೋಗೆ ಬಂತು. ಪೇಂಟರ್ ಹಲ್ಲು ಕಚ್ಚಿದ. ಹತ್ತು.

"ಇವತ್ತಿಗೆ ಇಷ್ಟು ಸಾಕು," ಎಂದರು ಅವರು.

ಮರುದಿನದಿಂದ ಮುಳ್ಳು ನೋಡುವ ಕೆಲಸ ಅಕ್ಕನದು. ದಿನಕ್ಕೆಷ್ಟು ಎಂದು ಹೇಳಿದ್ದರೋ ಅಷ್ಟೇ, ಒಂದು ಕಿಲೋ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. "ಒತ್ತೋ ಪುಕ್ಕಲ, ಇನ್ನೂ ಎರಡು ಬಾಕಿ ಇದೆ!" ಎಂಬ ಅವಳ ಕೂಗು ಬೀದಿಯ ತನಕ ಕೇಳುತ್ತಿತ್ತು. ಐದನೇ ವಾರ ಅವನು ಬಲಗಾಲೊಂದರ ಮೇಲೇ ನಿಂತ. ಅರವತ್ತೆರಡು ಕಿಲೋ, ಪೂರ್ತಿ ತೂಕ. ಅಕ್ಕ ಪಕ್ಕದ ಮನೆಯವರನ್ನೂ ಕರೆದು ಮುಳ್ಳು ತೋರಿಸಿದಳು.

ನಿಮ್ಮ ಮನೆಯಲ್ಲೂ ಮೂಳೆ ಮುರಿದೋ ಆಪರೇಷನ್ ಆಗಿಯೋ ಮಲಗಿದವರಿದ್ದರೆ ಡಾಕ್ಟರನ್ನು ಇದೊಂದು ಕೇಳಿ: ಯಾವತ್ತಿನಿಂದ, ಎಷ್ಟು ಭಾರ ಹಾಕಬಹುದು? ಅವರು ಹೇಳುವ ಮೊದಲು ಆ ಕಾಲಿನ ಮೇಲೆ ನಿಲ್ಲಿಸಬೇಡಿ. ಹೇಳಿದ ಮೇಲೆ ಮಲಗಿಸಿಡಬೇಡಿ.

ಹನ್ನೊಂದನೇ ವಾರ, ಡಾಕ್ಟರು ಒಪ್ಪಿದ ಮರುದಿನ, ಪೇಂಟರ್ ಏಣಿಯ ಆರನೇ ಮೆಟ್ಟಿಲ ಮೇಲೆ ನಿಂತು ಶಾಲೆಯೊಂದರ ಸೂರಿನ ಅಂಚಿಗೆ ಬಣ್ಣ ಬಳಿದು ಮುಗಿಸಿದ. ಏಣಿಯನ್ನು ಅಕ್ಕ ಹಿಡಿದಿದ್ದಳು.